"ಏನಿಲ್ಲ ಬಿಡಿ" ಅನ್ನುತ್ತಿದ್ದವಳು ನಾನು

ಜಗಳ ಆದರೆ ನಾನು ಕೂಗಾಡುವವಳಲ್ಲ. ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುವವಳು. ಗಂಡ ಬಾಗಿಲ ಆಚೆ ನಿಂತು, "ಏನಾಯ್ತು ಹೇಳು, ನಂದೇನಾದ್ರೂ ತಪ್ಪಾಯ್ತಾ?" ಅಂತ ಹತ್ತು ಸಲ ಕೇಳುತ್ತಿದ್ದರು. ನನ್ನದು ಒಂದೇ ಉತ್ತರ: "ಏನಿಲ್ಲ ಬಿಡಿ." ಅವರು ಕೇಳಿದಷ್ಟೂ ನಾನು ಮುದುಡುತ್ತಿದ್ದೆ. ನಾನು ಮುದುಡಿದಷ್ಟೂ ಅವರು ಇನ್ನೂ ಜಾಸ್ತಿ ಕೇಳುತ್ತಿದ್ದರು. ನಾನು ಶಾಂತ ಸ್ವಭಾವದವಳು, ಅವರದ್ದೇ ಅತಿ ಅಂತ ಗಟ್ಟಿಯಾಗಿ ನಂಬಿದ್ದೆ.

ಅಟ್ಯಾಚ್‌ಮೆಂಟ್, ಅಂದರೆ ನಾವು ಹತ್ತಿರದವರಿಗೆ ಅಂಟಿಕೊಳ್ಳುವ ಬಗೆ, ಇದರ ಬಗ್ಗೆ ಓದಲು ಶುರು ಮಾಡಿದ್ದೂ ಅವರಲ್ಲೇನು ಸರಿಯಿಲ್ಲ ಎಂದು ಪತ್ತೆ ಹಚ್ಚಲು. ಸುಳ್ಳೇಕೆ ಹೇಳಲಿ!

ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಮಾಡಿದ ಪ್ರಯೋಗ ಗೊತ್ತಿರಬಹುದು. ಒಂದು ವರ್ಷದ ಆಸುಪಾಸಿನ ಮಗು, ಹೊಸ ಕೋಣೆ. ತಾಯಿ ಸ್ವಲ್ಪ ಹೊತ್ತು ಆಚೆ ಹೋಗಿ ವಾಪಸ್ ಬರುತ್ತಾಳೆ. ಮಗು ಎಷ್ಟು ಅತ್ತಿತು ಅನ್ನುವುದಕ್ಕಿಂತ, ತಾಯಿ ಬಂದಾಗ ಏನು ಮಾಡಿತು ಅನ್ನುವುದೇ ಮುಖ್ಯ. ಕೆಲವು ಮಕ್ಕಳು ಓಡಿಬಂದು ಅಪ್ಪಿಕೊಂಡು ಸಮಾಧಾನ ಆಗುತ್ತವೆ. ಕೆಲವು ಅಪ್ಪಿಕೊಂಡೇ ಸಿಟ್ಟಿನಿಂದ ಒದೆಯುತ್ತವೆ. ಇನ್ನು ಕೆಲವು ತಿರುಗಿಯೂ ನೋಡದೆ ಆಟಿಕೆ ಹಿಡಿದು ಕೂತಿರುತ್ತವೆ. ಆ ಕೊನೆಯ ಮಗುವನ್ನು ನೋಡಿದವರು "ಎಷ್ಟು ಜಾಣ ಮಗು!" ಅನ್ನಬಹುದು. ಆದರೆ 1977ರಲ್ಲಿ ಇಂಥ ಮಕ್ಕಳ ಎದೆಬಡಿತ ಅಳೆದವರು ಕಂಡದ್ದೇ ಬೇರೆ. ಮುಖ ಶಾಂತವಾಗಿತ್ತು, ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಮುಂದಿನ ಜಗಳದಲ್ಲಿ ಬಾಗಿಲು ಹಾಕಿಕೊಂಡು ಮಣಿಕಟ್ಟಿನ ನಾಡಿ ಹಿಡಿದು ಎಣಿಸಿದೆ. ನಿಮಿಷಕ್ಕೆ 104. ಶಾಂತ ಸ್ವಭಾವದವಳ ನಾಡಿ!

ದೊಡ್ಡವರಿಗಾಗಿ 36 ಪ್ರಶ್ನೆಗಳ ಒಂದು ಪಟ್ಟಿ ಇದೆ. ಕೈಬಿಟ್ಟು ಹೋಗುತ್ತಾರೇನೋ ಅನ್ನುವ ಆತಂಕ ಎಷ್ಟು, ಹತ್ತಿರ ಬಂದರೆ ಹಿಂದೆ ಸರಿಯುವುದು ಎಷ್ಟು ಎಂದು ಎರಡನ್ನೂ ಬೇರೆ ಬೇರೆ ಅಳೆಯುತ್ತದೆ. ಇಬ್ಬರೂ ತುಂಬಿದೆವು. ಅವರದ್ದು ಮೊದಲನೆಯದರಲ್ಲಿ ಜಾಸ್ತಿ, ನನ್ನದು ಎರಡನೆಯದರಲ್ಲಿ. ಹೀಗೆ ಹಿಂದೆ ಸರಿಯುವವರಿಗೆ 'ಅವಾಯ್ಡೆಂಟ್' ಅನ್ನುತ್ತಾರೆ. ಒಂದಷ್ಟು ದಿನ ಅದನ್ನೇ ಬೈಗುಳ ಮಾಡಿಕೊಂಡೆವು ಅನ್ನಿ. "ನೀನು ಅವಾಯ್ಡೆಂಟ್ ಅಲ್ವಾ, ಇನ್ನೇನು ಮಾಡ್ತೀಯ!"

ಕೆಲಸಕ್ಕೆ ಬಂದದ್ದು ಒಂದು ಸಣ್ಣ ಬದಲಾವಣೆ. ಬಾಗಿಲು ಹಾಕುವ ಮೊದಲು ಟೈಮ್ ಹೇಳುವುದು. "ನನಗೆ ಅರ್ಧ ಗಂಟೆ ಬೇಕು. ಎಂಟೂವರೆಗೆ ಬರ್ತೀನಿ." ಮೊದಲ ಸಲ ಹಾಗಂದು ನಿದ್ದೆ ಹೋದೆ. ಅದು ಟೈಮ್ ಹೇಳದೆ ಇದ್ದದ್ದಕ್ಕಿಂತ ಕೆಟ್ಟದಾಯಿತು. ಒಬ್ಬಳೇ ಕೂರುವುದು ನನಗೆ ಬೇಕಾದದ್ದು, ಹೇಳಿದ ಹೊತ್ತಿಗೆ ಬರುವುದು ಅವರಿಗೆ ಬೇಕಾದದ್ದು. ಆಮೇಲಿಂದ ಅಲಾರಂ ಇಟ್ಟುಕೊಳ್ಳುತ್ತೇನೆ. ಬಂದ ಮೇಲೆ ಮಾತು ಹೊರಡದಿದ್ದರೆ ಪಕ್ಕದಲ್ಲಿ ಕೂರುತ್ತೇನೆ, ಅಷ್ಟೇ. ಅವರು ಬಾಗಿಲ ಆಚೆಯಿಂದ ಕೇಳುವುದು ಪೂರ್ತಿ ನಿಂತಿಲ್ಲ, ಆದರೆ ಹತ್ತು ಸಲ ಹೋಗಿ ಒಂದೆರಡು ಸಲಕ್ಕೆ ಬಂದಿದೆ.

ಹೋದ ವಾರ ಅಲಾರಂ ಹೊಡೆಯುವ ಹತ್ತು ನಿಮಿಷ ಮೊದಲೇ ಬಾಗಿಲು ತೆಗೆದೆ. ಅವರು ಹಾಲ್‌ನಲ್ಲಿ ಬಟ್ಟೆ ಮಡಚುತ್ತಿದ್ದರು. ತಲೆ ಎತ್ತಿ, "ಇನ್ನೂ ಟೈಮ್ ಇತ್ತಲ್ಲ?" ಅಂದರು.