ಡ್ರಾದಲ್ಲಿಟ್ಟ ಬ್ಯಾಕಪ್ ಕೂಡ ಮುಳುಗಿತು

ಗೋಕಾಕದ ಒಂದು ಪತ್ತಿನ ಸಂಘದಲ್ಲಿ ನಾನು ಲೆಕ್ಕ ನೋಡಿಕೊಳ್ಳುತ್ತೇನೆ. 2019ರ ಆಗಸ್ಟ್. ಪಂಚಮಿ ಉಂಡಿ ಇನ್ನೂ ಡಬ್ಬಿಯಲ್ಲೇ ಇದ್ದವು, ಅಷ್ಟರಲ್ಲಿ ಹಿಡಕಲ್ ಡ್ಯಾಂನಿಂದ ನೀರು ಬಿಟ್ಟು ಘಟಪ್ರಭಾ ಊರೊಳಗೆ ಬಂತು. ವೋಚರ್ ಕಟ್ಟುಗಳನ್ನು ಅಟ್ಟಕ್ಕೆ ಏರಿಸಿದೆವು. ಕಂಪ್ಯೂಟರ್ ಟೇಬಲ್ ಮೇಲಿದೆಯಲ್ಲ, ಅಲ್ಲಿತನಕ ನೀರು ಏರಲಿಕ್ಕಿಲ್ಲ ಅಂತ ಬಾಗಿಲು ಹಾಕಿಕೊಂಡು ಹೋದೆವು.

ಏರಿತ್ತು. ಸಿಪಿಯು ಒಳಗೆಲ್ಲ ಕೆಸರು. ಲೆಕ್ಕದ ಇನ್ನೊಂದು ಪ್ರತಿ ಇದ್ದ ಬ್ಯಾಕಪ್ ಹಾರ್ಡ್ ಡಿಸ್ಕ್ ಅದೇ ಟೇಬಲ್ಲಿನ ಡ್ರಾದಲ್ಲಿತ್ತು, ಎಳೆದರೆ ರಾಡಿ ನೀರು ಕಾಲ ಮೇಲೆ ಸುರಿಯಿತು. ಅದನ್ನು ಬಿಸಿಲಿಗೆ ಒಣಗಿಸಿ ಕರೆಂಟ್ ಕೊಟ್ಟೆವು, ದೊಡ್ಡ ತಪ್ಪು. ಒದ್ದೆ ಡಿಸ್ಕ್ ಸಿಕ್ಕರೆ ಆನ್ ಮಾಡಬೇಡಿ, ಒಣಗಿಸಲೂ ಬೇಡಿ, ಹಾಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡೇಟಾ ರಿಕವರಿ ಮಾಡುವವರಿಗೆ ಕೊಡಿ.

ಸಾಹೇಬರ ಮನೆಯಲ್ಲಿದ್ದ ಪೆನ್‌ಡ್ರೈವ್ ರಿಸ್ಟೋರ್ ಮಾಡಿದರೆ, ಅಂದರೆ ಅದರಲ್ಲಿನ ಪ್ರತಿಯನ್ನು ಕಂಪ್ಯೂಟರಿಗೆ ಮರಳಿ ತುಂಬಿದರೆ, ಮಾರ್ಚ್‌ತನಕದ ಲೆಕ್ಕ ಮಾತ್ರ ಬಂತು. ಮುಂದಿನದನ್ನೆಲ್ಲ ವೋಚರ್ ನೋಡಿ ಮತ್ತೆ ಹೊಡೆದೆವು. ಆ ದಿನಗಳಲ್ಲೇ ಒಬ್ಬ ಅಜ್ಜಿ ಒದ್ದೆ ಪಾಸ್‌ಬುಕ್ ತಂದು, ಹಾಳೆ ಹಾಳೆ ಬಿಡಿಸಿ ಇಟ್ಟು, "ಯಪ್ಪಾ, ನಮ್ಮ ಪಿಗ್ಮಿ ರೊಕ್ಕ ಐತೇನೋ?" ಅಂದರು. ಶಾಯಿ ಹರಡಿ ಅಂಕಿ ಕಾಣುತ್ತಿರಲಿಲ್ಲ. ನನ್ನ ಹತ್ತಿರವೂ ಹೇಳಲು ಏನೂ ಇರಲಿಲ್ಲ.

ಈಗ ದಿನಾ ಸಂಜೆ ಕ್ಯಾಶ್ ತಾಳೆಯಾದ ಮೇಲೆ ಆ ದಿನದ ತಾರೀಖಿನ ಹೊಸ ಫೋಲ್ಡರ್‌ಗೆ ಬ್ಯಾಕಪ್ ತೆಗೆಯುತ್ತೇನೆ. ಹಳೆಯದರ ಮೇಲೇ ಬರೆದರೆ, ಇವತ್ತಿನ ಫೈಲ್ ಕೆಟ್ಟಿದ್ದರೆ ಕೆಟ್ಟದ್ದೇ ಉಳಿಯುತ್ತದೆ, ಅಲ್ವಾ? ಕಾಪಿ ಮುಗಿದ ಕೂಡಲೇ ಡಿಸ್ಕಿನ ಕೇಬಲ್ ಕೀಳುತ್ತೇನೆ. ರ‍್ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವೈರಸ್) ಹೊಕ್ಕರೆ ಸುಮ್ನೆ ಚುಚ್ಚಿಟ್ಟ ಡಿಸ್ಕನ್ನೂ ಲಾಕ್ ಮಾಡಿಬಿಡುತ್ತದೆ. ಹಾರ್ಡ್ ಡಿಸ್ಕ್ ಎರಡಿವೆ, ಪಾಸ್‌ವರ್ಡ್ ಇಲ್ಲದೆ ಯಾರೂ ಓದದಂತೆ ಎರಡಕ್ಕೂ ಎನ್‌ಕ್ರಿಪ್ಷನ್ ಹಾಕಿದೆ. ಒಂದು ಆಫೀಸಿನ ಮೇಲ್ಮಹಡಿಯಲ್ಲಿ, ಇನ್ನೊಂದು ಕಮಿಟಿಯ ಒಪ್ಪಿಗೆ ಪಡೆದು ಬೆಳಗಾವಿಯ ನಮ್ಮ ಅಕ್ಕನ ಮನೆಯಲ್ಲಿ. ಹದಿನೈದು ದಿನಕ್ಕೊಮ್ಮೆ ಅದಲುಬದಲು ಮಾಡುತ್ತೇನೆ. ನಡುವಿನ ದಿನಗಳಿಗೆ ಕ್ಲೌಡ್‌ನಲ್ಲೂ ಒಂದು ಪ್ರತಿ ಇರುತ್ತದೆ.

ಎಲ್ಲಕ್ಕಿಂತ ಜಾಸ್ತಿ ನಾನು ಹಟ ಹಿಡಿಯೋದು ರಿಸ್ಟೋರ್‌ಗೆ. ತಿಂಗಳಿಗೊಮ್ಮೆ ಹಳೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಕಪ್ ತೆರೆದು ಕ್ಯಾಶ್ ಬಾಕಿಯನ್ನೂ ನಾಲ್ಕಾರು ಪಿಗ್ಮಿ ಖಾತೆಗಳನ್ನೂ ಪುಸ್ತಕದ ಜೊತೆ ತಾಳೆ ನೋಡುತ್ತೇನೆ. ಒಮ್ಮೆ ಅಕ್ಕನ ಮನೆಯಿಂದ ಬಂದ ಡಿಸ್ಕಿನಲ್ಲಿ ಮೂರು ಫೋಲ್ಡರ್ ತೆರೆಯಲೇ ಇಲ್ಲ. ಅವತ್ತೇ ಹೊಸದು ತಂದೆ.