ಮುಂದೆ ನಿಲ್ಲುವವನಿಗೆ ಏಟೇ ಬೀಳದ ಹಾಗೆ

1998ರ ಕಂಪ್ಯೂಟರ್ ಆಟ ಬಾಲ್ಡರ್ಸ್ ಗೇಟ್ ಆಡುವಾಗ ಕತ್ತಿಗಿಂತ ಮೊದಲು ನಾನು ನೋಡುವುದು ಎಸಿ, ಅಂದರೆ ಆರ್ಮರ್ ಕ್ಲಾಸ್, ಏಟಿನಿಂದ ಎಷ್ಟು ರಕ್ಷಣೆ ಇದೆ ಎಂದು ಹೇಳುವ ಅಂಕಿ. ಈ ಆಟದ ನಿಯಮದಲ್ಲಿ ಎಸಿ ಇಳಿದಷ್ಟೂ ಒಳ್ಳೆಯದು. ಹೊಡೆಯುವವನ ಥ್ಯಾಕೋದಿಂದ, ಅಂದರೆ ಎಸಿ ಸೊನ್ನೆ ಇರುವವನಿಗೆ ಏಟು ತಗುಲಿಸಲು ಅವನಿಗೆ ದಾಳದಲ್ಲಿ ಬೇಕಾದ ಅಂಕಿಯಿಂದ, ನಿಮ್ಮ ಎಸಿ ಕಳೆಯಿರಿ. 20 ಮುಖದ ದಾಳದಲ್ಲಿ ಅವನಿಗೆ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಏಟು ತಗುಲಿತು, ಅಷ್ಟೇ.

ಥ್ಯಾಕೋ 20 ಇರುವ ಪುಡಿ ಶತ್ರುವನ್ನೇ ತಗೊಳ್ಳಿ. ನಿಮ್ಮ ಎಸಿ 10 ಇದ್ದರೆ ಅವನ ನೂರು ಏಟಿನಲ್ಲಿ ಸುಮಾರು 55 ತಗುಲುತ್ತವೆ. ಎಸಿ 9 ಆದರೆ 50, ಅಂಥ ವ್ಯತ್ಯಾಸವೇನಿಲ್ಲ. ಆದರೆ ಎಸಿ 1ರಲ್ಲಿ 10, ಸೊನ್ನೆಗೆ ಇಳಿದರೆ ಬರೀ 5. ಒಂದೇ ಅಂಕಿಗೆ ಏಟು ಅರ್ಧಕ್ಕರ್ಧ ಕಡಿಮೆ! ಅದಕ್ಕೇ ನಾನು ಒಳ್ಳೆಯ ಸಾಮಾನನ್ನು ನನ್ನ ತಂಡದ ಆರು ಜನಕ್ಕೂ ಹಂಚಲು ಹೋಗುವುದಿಲ್ಲ, ಎಲ್ಲವನ್ನೂ ಒಬ್ಬನ ಮೈಮೇಲೇ ಹೇರಿ ಅವನನ್ನು ಬಾಗಿಲಲ್ಲಿ ನಿಲ್ಲಿಸುತ್ತೇನೆ. ಉಳಿದವರು ಹಿಂದಿನಿಂದ ಬಾಣ ಬಿಡುತ್ತಾರೆ.

ಇಲ್ಲೊಂದು ತೊಡಕಿದೆ. ಮ್ಯಾಜಿಕ್ ಕವಚ ತೊಟ್ಟವನಿಗೆ ರಕ್ಷಣೆಯ ಉಂಗುರ ಹಾಕಲು ಆಟ ಬಿಡುವುದಿಲ್ಲ. ಹಾಗಾಗಿ ಮ್ಯಾಜಿಕ್ ಎಂಬ ಹೆಸರು ನೋಡಿ ಮರುಳಾಗಬೇಡಿ. ಪ್ಲಸ್ ಒನ್, ಅಂದರೆ ಮ್ಯಾಜಿಕ್‌ನಿಂದ ಒಂದು ಅಂಕಿ ಹೆಚ್ಚು ಕಾಯುವ ಚೈನ್‌ಮೇಲ್ (ಸರಪಳಿ ಕವಚ) ತೊಟ್ಟರೆ ಎಸಿ 4, ಸಾದಾ ಪ್ಲೇಟ್‌ಮೇಲ್ (ಲೋಹದ ತಗಡಿನ ಕವಚ) ಜೊತೆ ಪ್ಲಸ್ ಒನ್ ಉಂಗುರ ಸೇರಿಸಿದರೆ 2. ಉಂಗುರದಿಂದ ಸೇವಿಂಗ್ ಥ್ರೋ, ಅಂದರೆ ಮಂತ್ರ, ವಿಷದಂಥವುಗಳಿಂದ ಪಾರಾಗಲು ಹಾಕುವ ದಾಳ ಕೂಡ ಸುಧಾರಿಸುತ್ತದೆ.

ನನ್ನ ಅಚ್ಚುಮೆಚ್ಚು ಆಂಕೆಗ್ ಎಂಬ ದೈತ್ಯ ಹುಳದ ಚಿಪ್ಪಿನ ಕವಚ. ಎಸಿ 1, ತೂಕವೂ ಪ್ಲೇಟ್‌ಮೇಲ್‌ನ ಅರ್ಧ, ಮೇಲಾಗಿ ಮ್ಯಾಜಿಕ್ ಅಲ್ಲ, ಹಾಗಾಗಿ ಉಂಗುರವೂ ನಡೆಯುತ್ತದೆ. ಆಂಕೆಗ್‌ನ ಚಿಪ್ಪನ್ನು ಹೊತ್ತುಕೊಂಡು ಬೆರೆಗೊಸ್ಟ್ ಊರಿನ ಕಮ್ಮಾರನಿಗೆ ಕೊಟ್ಟರೆ 4000 ಚಿನ್ನದ ನಾಣ್ಯ ತಗೊಂಡು ಮಾಡಿಕೊಡುತ್ತಾನೆ. ನಾನು ಸುಮ್ನೆ ನಾಶ್ಕೆಲ್ ಊರಿನ ಹೊಲದಲ್ಲಿ ಬಚ್ಚಿಟ್ಟಿರುವುದನ್ನು ಎತ್ತಿಕೊಳ್ಳುತ್ತೇನೆ, ಬಿಟ್ಟಿ ಸಿಗುವಾಗ ದುಡ್ಡು ಯಾಕೆ ಅಲ್ವಾ? ಅದಕ್ಕೆ ಗುರಾಣಿಯ ಒಂದು, ಉಂಗುರದ ಒಂದು, 18 ಡೆಕ್ಸ್ಟೆರಿಟಿಯ (ಚುರುಕುತನದ) ನಾಲ್ಕು ಅಂಕಿ ಸೇರಿಸಿ: ಎಸಿ ಮೈನಸ್ 5. ಥ್ಯಾಕೋ 14ರ ಗಟ್ಟಿ ಶತ್ರುವಿಗೂ ಈಗ 19 ಬೀಳಲೇಬೇಕು. 20 ಬಿದ್ದರೆ ಮಾತ್ರ ಯಾವ ಎಸಿಯೂ ತಡೆಯುವುದಿಲ್ಲ, ಎರಡು ಪಟ್ಟು ಏಟು. ಆ ಎರಡು ಪಟ್ಟನ್ನು ತಪ್ಪಿಸಲು ಹೆಲ್ಮೆಟ್ ಬೇಕೇ ಬೇಕು, ಸಾದಾದ್ದಾದರೂ ಸಾಕು.

ಆಯುಧದ ಕಥೆ ಬೇರೆ. ಈ ಆಟದ ಕಥೆಯಲ್ಲಿ ಕಬ್ಬಿಣವೇ ಕೆಟ್ಟಿದೆ, ಸಾದಾ ಕತ್ತಿ ಕಾದಾಟದ ನಡುವೆಯೇ ಮುರಿಯುತ್ತದೆ. ಮ್ಯಾಜಿಕ್ ಕತ್ತಿ ಸಿಗುವವರೆಗೆ ಇನ್ನೊಂದು ಕತ್ತಿ ಜೊತೆಗಿಟ್ಟಿರುತ್ತೇನೆ, ಇಲ್ಲವಾದರೆ ಮರದ ದೊಣ್ಣೆ. ಅದಕ್ಕೆ ಮುರಿಯುವ ಭಯವಿಲ್ಲ.