ರತ್ನಗಂಧಿಗೆ ಕತ್ತರಿ ಹಾಕಲು ಕಲಿತೆ

ಕುಷ್ಟಗಿಯ ನಮ್ಮ ಮನೆ ಅಂಗಳದಲ್ಲಿ ಈಗ 7 ರತ್ನಗಂಧಿ ಗಿಡಗಳಿವೆ. ಎಲ್ಲವೂ ನಾನೇ ಬೀಜದಿಂದ ಎಬ್ಬಿಸಿದವು.

ಮೊದಲ ಸಲ ಬೀಜವನ್ನು ಸುಮ್ನೆ ಮಣ್ಣಿಗೆ ಊರಿದ್ದೆ. 20ರಲ್ಲಿ 2 ಹುಟ್ಟಿದವು. ತಿಂಗಳು ಬಿಟ್ಟು ಕೆದಕಿ ನೋಡಿದರೆ ಉಳಿದವು ಊರಿದ ಹಾಗೇ ಇದ್ದವು. ಸಿಪ್ಪೆ ಗಟ್ಟಿ, ನೀರು ಒಳಗೆ ಇಳಿದೇ ಇರಲಿಲ್ಲ. ಮರುವರ್ಷ ಒಂದೊಂದು ಬೀಜದ ಅಂಚನ್ನೂ ಕಟ್ಟೆಯ ಕಲ್ಲಿಗೆ ತಿಕ್ಕಿದೆ. ಕಂದು ಸಿಪ್ಪೆ ಸವೆದು ಚುಕ್ಕಿಯಷ್ಟು ಬಿಳುಪು ಕಂಡರೆ ಸಾಕು. ಮೊಳಕೆ ಒಡೆಯುವ ತುದಿಗೆ ಮಾತ್ರ ಕಲ್ಲು ತಾಗಬಾರದು. ರಾತ್ರಿ ನೆನೆಹಾಕಿದೆ, ಬೆಳಿಗ್ಗೆ ಉಬ್ಬಿದ್ದವು. ಉಬ್ಬದವನ್ನು ಮತ್ತೆ ತಿಕ್ಕಿದೆ. ರೋಹಿಣಿ ಮಳೆಗೆ ಊರಿದವು ಹತ್ತು ದಿನದಲ್ಲಿ ತಲೆ ಎತ್ತಿದವು.

ನಮ್ಮದು ಮಸಾರಿ, ಅಂದರೆ ಕೆಂಪು ಮಣ್ಣು, ನೀರು ನಿಲ್ಲುವುದಿಲ್ಲ. ಸಿಂಧನೂರಿನ ಅಕ್ಕನ ಮನೆಯದು ಎರೆ, ಅಂದರೆ ನೀರು ಹಿಡಿದಿಡುವ ಕಪ್ಪು ಮಣ್ಣು. ಅಲ್ಲಿಗೆ ನಾನು ಕೊಟ್ಟ ಸಸಿಗಳು ಮಳೆಗಾಲದಲ್ಲಿ ಬೇರು ಕೊಳೆತು ಹೋದವು. ಆಮೇಲೆ ಮರಳು ಬೆರೆಸಿ, ಏರು ಮಡಿ ಮಾಡಿ ನೆಟ್ಟಳು, ಉಳಿದವು. ಬಿಸಿಲಿಗಂತೂ ಈ ಗಿಡ ಅಂಜುವುದಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಎಂದರೆ ಎರಡು ವರ್ಷ ಕತ್ತರಿ ಮುಟ್ಟಿಸಲಿಲ್ಲ. ಹೂ ಬಿಡುವ ಗಿಡ, ಕಡಿಯಲು ಮನಸ್ಸು ಬರಲಿಲ್ಲ. 10 ಅಡಿ ಏರಿತು. ಕೆಳಗೆಲ್ಲ ಬೋಳು ಕಡ್ಡಿ, ಹೂ ಮಾಳಿಗೆಯ ಎತ್ತರಕ್ಕೆ. ರತ್ನಗಂಧಿ ಹೂ ಬಿಡುವುದೇ ಹೊಸ ಚಿಗುರಿನ ತುದಿಯಲ್ಲಿ ಅಲ್ವಾ, ಕಡಿಯದೆ ಪಕ್ಕದ ಚಿಗುರು ಎಲ್ಲಿಂದ ಬರಬೇಕು? ಶಿವರಾತ್ರಿ ಮುಗಿದ ಮೇಲೆ ಗಟ್ಟಿ ಮನಸ್ಸು ಮಾಡಿ ಮೊಣಕಾಲೆತ್ತರಕ್ಕೆ ಕತ್ತರಿಸಿದೆ. ಮುಳ್ಳು ಜಾಸ್ತಿ, ಗೋಣಿಚೀಲ ಸುತ್ತಿ ಹಿಡಿಯಬೇಕು. ಮೂರು ವಾರದಲ್ಲಿ ಬುಡದಿಂದ ಚಿಗುರು ಕಿತ್ತುಕೊಂಡು ಬಂತು. ಮುಂಗಾರಿನ ಹೊತ್ತಿಗೆ ಕಣ್ಣಿನ ಮಟ್ಟಕ್ಕೇ ಹೂ.

ಆಗಲೇ ಅದನ್ನು ಹತ್ತಿರದಿಂದ ನೋಡಿದ್ದು. ಕೆಂಪು ಎಸಳಿಗೆ ಹಳದಿ ಅಂಚು. ಉದ್ದ ಕೆಂಪು ಕೇಸರಗಳು ಬೆರಳುದ್ದ ಹೊರಗೆ ಚಾಚಿರುತ್ತವೆ. ಚಿಟ್ಟೆ ಬಂದು ಕೂತರೆ ರೆಕ್ಕೆಗೆ ಪರಾಗ ಮೆತ್ತಿಕೊಳ್ಳುತ್ತದೆ.

ಈಗ ಒಂದು ಗಿಡವನ್ನು ಮಾತ್ರ ಕತ್ತರಿಸದೆ ಬೀಜಕ್ಕೆ ಬಿಡುತ್ತೇನೆ. ಕಾಯಿ ಒಣಗುವ ಮೊದಲೇ ಗೊನೆಗೆ ಹಳೆ ಪಂಚೆ ಕಟ್ಟುತ್ತೇನೆ. ಇಲ್ಲದಿದ್ದರೆ ಮಧ್ಯಾಹ್ನದ ಬಿಸಿಲಿಗೆ ಚಟ್ ಅಂತ ಸಿಡಿದು ಬೀಜ ಅಂಗಳದ ತುಂಬ ಹಾರುತ್ತವೆ. ಬಲಿತ ಬೀಜ ವಿಷ. ಮೊಮ್ಮಗಳು ಅಲ್ಲೇ ಆಡುತ್ತಾಳೆ.